ಕ್ಲ್ಯಾಪ್ ಬಿದ್ದ ಮೇಲೆ ಯಾರೂ ಬರಬಾರದು

ನಮ್ಮ ಮನೆಯಲ್ಲಿ ಏಟುಗಳಲ್ಲಿ ಎರಡು ಬಗೆಯಿದ್ದವು. ಕ್ಲ್ಯಾಪ್ ಹೊಡೆದ ಮೇಲೆ ಬಿದ್ದದ್ದು ರಿಹರ್ಸಲ್ಲಿನ ಏಟು. ಹಾಗೇ ಬಿದ್ದದ್ದು ಬರೀ ಏಟು. ಎರಡನ್ನೂ ಕೊಡುತ್ತಿದ್ದದ್ದು ಅಪ್ಪನ ಅದೇ ಬಲಗೈ, ಎರಡೂ ಬೀಳುತ್ತಿದ್ದದ್ದು ಹೆಚ್ಚಾಗಿ ರತ್ನಕ್ಕನ ಅದೇ ಎಡಕೆನ್ನೆಯ ಮೇಲೆ. ಆದರೂ ಅವು ಬೇರೆ ಬೇರೆ ಎಂಬುದರಲ್ಲಿ ಮನೆಮಂದಿಗೆ ಅನುಮಾನವಿರಲಿಲ್ಲ. ಬರೀ ಏಟು ಬಿದ್ದರೆ ಅಮ್ಮ ಅಡುಗೆಮನೆಯಿಂದ ಓಡಿಬಂದು ನಡುವೆ ನಿಲ್ಲುತ್ತಿದ್ದಳು. ಕೆಲವು ಸಲ ಅವಳ ಬೆನ್ನಿಗೂ ಬೀಳುತ್ತಿತ್ತು. ರಿಹರ್ಸಲ್ಲಿನ ಏಟು ಬಿದ್ದರೆ ಒಲೆಯ ಮುಂದೆಯೇ ಇದ್ದು ಒಗ್ಗರಣೆ ಸೀಯದ ಹಾಗೆ ನೋಡಿಕೊಳ್ಳುತ್ತಿದ್ದಳು. ಈಗ ಆಸ್ಟ್ರೇಲಿಯಾದಲ್ಲಿ, ಅಡಿಲೇಡಿನ ಕಿಲ್ಬರ್ನ್‌ನಲ್ಲಿ, ಗೂಡ್ಸ್ ರೈಲಿನ ಸದ್ದಿಗೆ ಕಿಟಕಿ ಅದುರುವ ಈ ಕೋಣೆಯಲ್ಲಿ ಕೂತು ಬರೆಯುವಾಗ ಇದು ಹುಚ್ಚರ ಮನೆಯ ಕಟ್ಟಳೆಯಂತೆ ಕಾಣುತ್ತದೆ. ಆಗ ಕಾಣಲಿಲ್ಲ. ಬೇರೆ ಮನೆಗಳಲ್ಲಿ ಮಡಿ ಮೈಲಿಗೆ ಇದ್ದ ಹಾಗೆ ನಮ್ಮಲ್ಲಿ ಇದಿತ್ತು, ಅಷ್ಟೆ.

ಅಪ್ಪ ಸಿನಿಮಾ ನಿರ್ದೇಶಕರು. ಕನ್ನಡದ ಚಿತ್ರಗಳೂ ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲ ಅದು. ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವರು ಹೇಗೋ ಸ್ಟುಡಿಯೋ ಗೇಟಿನೊಳಗೆ ನುಗ್ಗಿ, ಯಾರ ಯಾರದೋ ಕೈಕೆಳಗೆ ಸಹಾಯಕರಾಗಿ ಬೈಗುಳ ತಿಂದು, ಕೊನೆಗೆ ತಮ್ಮದೇ ಒಂಬತ್ತು ಚಿತ್ರಗಳನ್ನು ಮಾಡಿದರು. ಕಚ್ಚಾ ಫಿಲ್ಮು ಆಗ ಪರ್ಮಿಟ್ಟಿನ ಮೇಲೆ ಅಳೆದು ಸಿಗುತ್ತಿತ್ತು. ನಟ ಒಂದು ಮಾತು ತಪ್ಪಿದರೆ, ಒಂದು ಹೆಜ್ಜೆ ಆಚೆ ಇಟ್ಟರೆ ಅಷ್ಟು ಅಡಿ ಫಿಲ್ಮು ಮಣ್ಣುಪಾಲು. ಈ ಡೈರೆಕ್ಟರು ಎರಡನೇ ಟೇಕ್ ಕೇಳುವುದಿಲ್ಲ ಎಂದು ನಿರ್ಮಾಪಕರ ನಡುವೆ ಅಪ್ಪನಿಗೆ ಹೆಸರಿತ್ತು. ಆ ಹೆಸರನ್ನು ಉಳಿಸಿಕೊಟ್ಟದ್ದು ಕೋಡಂಬಾಕ್ಕಂನ ನಮ್ಮ ಬಾಡಿಗೆಮನೆಯ ಹಾಲ್. ಮರುದಿನ ತೆಗೆಯಬೇಕಾದ ದೃಶ್ಯವನ್ನು ಹಿಂದಿನ ದಿನವೇ ಮನೆಯಲ್ಲಿ ಆಡಿಸಿ ನೋಡುತ್ತಿದ್ದರು. ಕೆಂಪು ಗಾರೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಎಳೆದರೆ ಅದು ಫ್ರೇಮು. ಅವರ ಬೆತ್ತದ ಕುರ್ಚಿಯೇ ಕ್ಯಾಮೆರಾ. ಅಮ್ಮ ಒಮ್ಮೆ ಅತ್ತೆ, ಒಮ್ಮೆ ಸೂಳೆ, ಒಮ್ಮೆ ಹೆಣ. ಮಗುವಿನ ಪಾತ್ರವಿದ್ದರೆ ನನಗಿಂತ ಮೂರು ವರ್ಷ ದೊಡ್ಡವಳಾದ ರತ್ನಕ್ಕ. ನನ್ನದು ಕ್ಲ್ಯಾಪು. ಸ್ಟುಡಿಯೋದಲ್ಲಿ ಬಿಸಾಡಿದ್ದ ಹಳೆಯ ಕ್ಲ್ಯಾಪ್ ಹಲಗೆಯನ್ನು ಅಪ್ಪ ನನಗೆಂದೇ ತಂದಿದ್ದರು. ಎರಡೂ ಕೈಯಲ್ಲಿ ಹಿಡಿದು ಮೇಲಿನ ಪಟ್ಟಿಯನ್ನು ಬಡಿದರೆ ಸದ್ದು ಪಕ್ಕದ ಮನೆಗೂ ಕೇಳುತ್ತಿತ್ತು. ನಿಯಮ ಒಂದೇ. ಅದನ್ನು ಅಪ್ಪ ಅಮ್ಮನನ್ನು ನಿಲ್ಲಿಸಿಕೊಂಡು ಹೇಳಿದ್ದರು.

"ಕ್ಲ್ಯಾಪ್ ಬಿದ್ದ ಮೇಲೆ ನಾನು ಕಟ್ ಅನ್ನೋವರೆಗೂ ಯಾರೂ ಈ ಗೆರೆ ದಾಟಿ ಬರಬಾರದು. ಮನೆಗೆ ಬೆಂಕಿ ಬಿದ್ರೂ ಸರಿ. ಗೊತ್ತಾಯ್ತೇನೇ?"

"ಹೂಂ ರೀ," ಎಂದಳು ಅಮ್ಮ.

ನನಗೆ ಆಗ ಎಂಟು ವರ್ಷ. ಅಪ್ಪನ ಆರನೆಯ ಚಿತ್ರದಲ್ಲಿ ಮಲತಂದೆಯ ಕೈಯಲ್ಲಿ ಏಟು ತಿನ್ನುವ ಒಬ್ಬ ಹುಡುಗಿಯಿದ್ದಳು. ಆ ಪಾತ್ರ ಮಾಡುತ್ತಿದ್ದ ಮಗುವನ್ನು ಸೆಟ್ಟಿನಲ್ಲಿ ಎಲ್ಲರೂ ಬೇಬಿ ಎನ್ನುತ್ತಿದ್ದರು; ನಾವೂ ಹಾಗೇ ಅನ್ನುತ್ತಿದ್ದೆವು. ಏಟು ತಿಂದ ಮಗು ಅಳಬೇಕು. ಗ್ಲಿಸರಿನ್ ಕಂಡರೆ ಅಪ್ಪನಿಗೆ ಅಸಹ್ಯ. ಅದನ್ನು ಹಾಕಿದರೆ ಕಣ್ಣು ಮಾತ್ರ ಒದ್ದೆಯಾಗುತ್ತದೆ, ಮುಖ ಒಣಗಿಯೇ ಇರುತ್ತದೆ, ಅಳು ಮೊದಲು ಗಲ್ಲದಲ್ಲಿ ಹುಟ್ಟಬೇಕು ಎನ್ನುತ್ತಿದ್ದರು. ಸ್ಕ್ರಿಪ್ಟಿನ ಅಂಚಿನಲ್ಲಿ ಅವರು ಪೆನ್ಸಿಲಿನಲ್ಲಿ ಬರೆದದ್ದನ್ನು ನಾನು ಓದಿದ್ದೇನೆ: ಏಟು, ಎರಡು ಎಣಿಕೆ, ಗಲ್ಲ, ಆಮೇಲೆ ಕಣ್ಣು. ಆ ಎರಡು ಎಣಿಕೆ ಸರಿಯೋ, ಮೂರಾಗಬೇಕೋ ಎಂದು ತಿಳಿಯಲು ರತ್ನಕ್ಕ ಚೌಕದೊಳಗೆ ನಿಲ್ಲಬೇಕಾಗಿತ್ತು. ನಾನು ಕ್ಲ್ಯಾಪ್ ಹೊಡೆಯುತ್ತಿದ್ದೆ. ಅಪ್ಪ ಕುರ್ಚಿಯಿಂದ ಎದ್ದು ಬಂದು ಹೊಡೆದು, ಅಲ್ಲೇ ಬಗ್ಗಿ ಅವಳ ಮುಖವನ್ನು ಹತ್ತಿರದಿಂದ ನೋಡುತ್ತಾ ಬಾಯಲ್ಲೇ ಎಣಿಸುತ್ತಿದ್ದರು. ರತ್ನಕ್ಕನ ಗಲ್ಲ ಅಲುಗುತ್ತಿರಲಿಲ್ಲ. ಅವಳು ಅಳುವ ಹುಡುಗಿಯೇ ಅಲ್ಲ. ಬೆರಳ ಗುರುತು ಕೆನ್ನೆಯ ಮೇಲೆ ಬಿಳಿಯಾಗಿ ಮೂಡಿ, ಕೆಂಪಾಗಿ, ಆಮೇಲೆ ನೀಲಿಗೆ ತಿರುಗುವುದನ್ನು ನಾನು ಕ್ಲ್ಯಾಪ್ ಹಲಗೆಯ ಹಿಂದಿನಿಂದ ನೋಡುತ್ತಿದ್ದೆ. "ಒನ್ಸ್ ಮೋರ್" ಎನ್ನುತ್ತಿದ್ದರು ಅಪ್ಪ. ಮತ್ತೆ ಕ್ಲ್ಯಾಪ್. ಒಂದು ದಿನ ಮೂಗಿನಿಂದ ರಕ್ತ ಬಂದು ಅವಳ ಲಂಗದ ಮೇಲೆ ಬಿತ್ತು. ಅಪ್ಪ ಎಣಿಕೆ ನಿಲ್ಲಿಸಲಿಲ್ಲ. ಗೋಳೋ ಎಂದು ಅತ್ತದ್ದು ನಾನು. ಪಕ್ಕದ ಮನೆಯ ಮಾಮಿ ಗೋಡೆಯ ಆಚೆಯಿಂದ ತನ್ನ ಅರೆಬರೆ ಕನ್ನಡದಲ್ಲಿ ಕೂಗಿ ಕೇಳಿದಳು.

"ಏನಮ್ಮಾ, ರಿಹರ್ಸಲಾ?"

"ಹೌದು ಮಾಮಿ, ರಿಹರ್ಸಲ್," ಎಂದಳು ಅಮ್ಮ ಅಡುಗೆಮನೆಯ ಕಿಟಕಿಯಿಂದ.

"ದೊಡ್ಡೋಳು ಚೆನ್ನಾಗಿ ಅಳ್ತಾಳೆ! ಅವಳನ್ನೇ ಆಕ್ಟಿಂಗ್‌ಗೆ ಹಾಕೋದು ತಾನೆ?"

"ಅಳ್ತಿರೋದು ಚಿಕ್ಕೋಳು ಮಾಮಿ."

ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಬರೆಯುವುದು ಕಷ್ಟ, ಆದರೆ ಬರೆಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ದಿನವಿಡೀ ಸ್ಟುಡಿಯೋದಲ್ಲಿರುತ್ತಿದ್ದ ಅಪ್ಪ ಮನೆಗೆ ಬಂದಾಗ ಕಣ್ಣಿಟ್ಟು ನೋಡುತ್ತಿದ್ದ ಮುಖ ಒಂದೇ, ಅದು ರತ್ನಕ್ಕನದು. ಒಂದು ಮಧ್ಯಾಹ್ನ ನಾನೇ ಹೋಗಿ ಅವರ ಕುರ್ಚಿಯ ಕೈ ಹಿಡಿದು ಕೇಳಿದೆ.

"ಅಪ್ಪಾ, ನಾನು ನಿಂತ್ಕೊಳ್ಳಾ? ನಂಗೆ ಬೇಗ ಅಳು ಬರತ್ತೆ."

"ಅದಕ್ಕೇ ಬೇಡ ಅನ್ನೋದು. ಕೈ ಎತ್ತೋ ಮುಂಚೇನೇ ಅಳೋಳು ನೀನು. ಅಂಥ ಅಳು ಬೀದೀಲಿ ಸಿಗತ್ತೆ. ಹೋಗು, ಕ್ಲ್ಯಾಪ್ ಹಿಡ್ಕೋ."

ಅಪ್ಪ ಸ್ಟುಡಿಯೋದಲ್ಲಿ ಹೇಗಿರುತ್ತಿದ್ದರು ಎಂದು ನಾನು ನೋಡಿದ್ದು ಒಮ್ಮೆ ಮಾತ್ರ. ಆರ್ಕ್ ದೀಪಗಳ ಕಾವಿಗೆ ಶೂಟಿಂಗ್ ಫ್ಲೋರಿನೊಳಗೆ ಎಲ್ಲರ ಬೆನ್ನೂ ಒದ್ದೆಯಾಗಿತ್ತು. ಸಹಾಯಕ ನಿರ್ದೇಶಕನೊಬ್ಬ ಗಡಿಯಾರವನ್ನು ತಪ್ಪು ಗೋಡೆಗೆ ನೇತುಹಾಕಿಸಿದ್ದ. ಅಪ್ಪ ಫ್ರೇಮು ನೋಡಲು ಕೈಯಲ್ಲಿ ಹಿಡಿದಿದ್ದ ವ್ಯೂಫೈಂಡರನ್ನು ಅವನ ಹಣೆಗೆ ಬೀಸಿ ಎಸೆದರು. ಹಣೆ ಒಡೆಯಿತು. ಅವನು ಕರವಸ್ತ್ರ ಒತ್ತಿಕೊಂಡು, ಗಡಿಯಾರವನ್ನು ಸರಿಯಾದ ಗೋಡೆಗೆ ಹಾಕಿಸಿ, "ಸಾರಿ ಸಾರ್" ಎಂದ. ಸಂಜೆ ಅವನೇ ನನಗೆ ಬಾಟಲಿಯಲ್ಲಿ ಸೋಡಾ ಕುಡಿಸಿ, "ನಿಮ್ಮಪ್ಪನ ಕೈಲಿ ಏಟು ತಿಂದೋರೆಲ್ಲ ಡೈರೆಕ್ಟರ್ ಆಗಿದಾರೆ ಮರಿ" ಎಂದು ಹೆಮ್ಮೆಯಿಂದ ಹೇಳಿದ. ಅವನೂ ಮುಂದೆ ಡೈರೆಕ್ಟರ್ ಆದ. ಮನೆಯಲ್ಲಿ ಊಟಕ್ಕೂ ಬ್ರೇಕ್ ಎಂದೇ ಹೆಸರು. ಅಪ್ಪ ಬ್ರೇಕ್ ಎಂದ ಕ್ಷಣಕ್ಕೆ ಎಲೆ ಬಿದ್ದಿರಬೇಕು, ಅನ್ನದಿಂದ ಹೊಗೆ ಏಳುತ್ತಿರಬೇಕು. ಒಂದು ಸಲ ಸಾರು ಆರಿತ್ತೆಂದು ಪಾತ್ರೆಯನ್ನೇ ಅಮ್ಮನ ಕಡೆ ಎಸೆದರು. ಆರಿದ್ದು ಪುಣ್ಯ. ಹಾಗೆಂದು ಅಮ್ಮನೇ ನಗುತ್ತಾ ಹೇಳಿಕೊಂಡು ಸೀರೆ ಬದಲಿಸಿದ್ದು ನನಗೆ ನೆನಪಿದೆ. ಅಥವಾ ನಗುತ್ತಾ ಹೇಳಿದ್ದು ನಾನು ಆಮೇಲೆ ಸೇರಿಸಿಕೊಂಡದ್ದೇ? ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿದವಳು ನಾನು. ಒಬ್ಬನೇ ಸಾಕ್ಷಿಯನ್ನು ನಂಬಬೇಡಿ ಎಂದು ಹುಡುಗರಿಗೆ ಹೇಳುತ್ತಲೇ ಬಂದೆ. ಆ ಮನೆಗೆ ಈಗ ಉಳಿದಿರುವ ಸಾಕ್ಷಿಗಳು ಇಬ್ಬರೇ: ಪರ್ತ್ ಪಕ್ಕದ ಫ್ರೀಮ್ಯಾಂಟಲ್‌ನಲ್ಲಿರುವ ರತ್ನಕ್ಕ, ಕಿಲ್ಬರ್ನ್‌ನಲ್ಲಿರುವ ನಾನು. ನಡುವೆ ಒಂದು ಇಡೀ ಮರುಭೂಮಿ ಇದೆ.

ಇದೆಲ್ಲ ಮತ್ತೆ ಕದಡಿದ್ದು ನಿಶಾಳಿಂದ. ಅವಳು ರತ್ನಕ್ಕನ ಮೊಮ್ಮಗಳು, ಪರ್ತ್‌ನಲ್ಲಿ ಹುಟ್ಟಿದವಳು. ಬ್ರಿಸ್ಬೇನ್‌ನಲ್ಲಿ ಫಿಲ್ಮ್ ಓದುತ್ತಾ ಟೂವಾಂಗ್‌ನಲ್ಲಿ ಮೂವರ ಜೊತೆ ಮನೆ ಹಂಚಿಕೊಂಡಿದ್ದಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರುತ್ತದೆ. ಕಳೆದ ವರ್ಷ ಒಂದು ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದಳು. ಅಪ್ಪನ ಆರನೆಯ ಚಿತ್ರದ ಒಂದು ತುಣುಕನ್ನು ಯಾರೋ ಇಂಟರ್‌ನೆಟ್ಟಿಗೆ ಹಾಕಿದ್ದರು. ಅದೇ ದೃಶ್ಯ. ಏಟು, ಎರಡು ಎಣಿಕೆ, ಬೇಬಿಯ ಗಲ್ಲ, ಆಮೇಲೆ ಕಣ್ಣು.

"ಚಿಕ್ಕಜ್ಜಿ, ಇಟ್ಸ್ ಸೋ ರಿಯಲ್! ಮುತ್ತಜ್ಜ ಆ ಕಿಡ್ ಹತ್ರ ಹೌ ಡಿಡ್ ಹಿ ಗೆಟ್ ದಟ್?"

"ರಿಹರ್ಸಲ್ ಮಾಡ್ಸಿ."

"ನನ್ ಫೈನಲ್ ಪ್ರಾಜೆಕ್ಟ್ ಅದೇ. ಅಜ್ಜಿ ಹ್ಯಾಸ್ ಅಗ್ರೀಡ್ ಟು ಟಾಕ್. ಅಬೌಟ್ ಹರ್ ಡೆಫ್ ಇಯರ್, ಆ ಎಡಗಿವಿ. ಚಿಕ್ಕಜ್ಜಿ, ಅಜ್ಜಿ ಸೇಸ್ ಅವರಮ್ಮ ಜಸ್ಟ್ ಕೆಪ್ಟ್ ಫ್ರೈಯಿಂಗ್ ಕೋಡುಬಳೆ. ಈಸ್ ದಟ್ ಟ್ರೂ?"

ನಾನು ಲೋಟದಲ್ಲಿದ್ದ ಕಾಫಿ ನೋಡಿದೆ. "ಹೂಂ," ಎಂದೆ. "ಕರೀತಿದ್ಲು."

"ದಟ್ಸ್ ಬ್ರೂಟಲ್. ದಟ್ಸ್ ಮೈ ಓಪನಿಂಗ್."

ನಾನು ಹೇಳಿದ್ದು ಸುಳ್ಳಲ್ಲ. ಅಮ್ಮ ಕೋಡುಬಳೆ ಕರಿಯುತ್ತಲೇ ಇದ್ದಳು. ಏಕೆ ಎನ್ನುವುದನ್ನು ಮಾತ್ರ ನುಂಗಿಕೊಂಡೆ. ಅರವತ್ತು ವರ್ಷ ನುಂಗಿಕೊಂಡೇ ಬಂದಿದ್ದೆ. ಅದರಿಂದಾಗಿ ರತ್ನಕ್ಕ ಅಮ್ಮನನ್ನು ಅರವತ್ತು ವರ್ಷ ಕ್ಷಮಿಸಿರಲಿಲ್ಲ. ಈಗ ಅದು ಒಂದು ಸಿನಿಮಾ ಆಗಲಿತ್ತು. ಅಮ್ಮ ಅದರಲ್ಲಿ ಒಲೆಯ ಮುಂದೆ ನಿಂತ ರಾಕ್ಷಸಿಯಾಗಿ ಉಳಿಯಲಿದ್ದಳು.

ಕೋಡುಬಳೆಯ ಆ ದಿನ ಸ್ಟುಡಿಯೋದಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಹಣೆ ಒಡೆಸಿಕೊಂಡ ಆ ಸಹಾಯಕ ವರ್ಷಗಳ ನಂತರ ಹೇಳಿದ್ದು. ಅವನು ಕತೆ ಕಟ್ಟುವುದರಲ್ಲಿ ನಿಸ್ಸೀಮ, ಅಷ್ಟು ಕಳೆದು ಓದಿಕೊಳ್ಳಬೇಕು. ಏಟಿನ ದೃಶ್ಯದ ದಿನ. ಬೆಳಕು ಹೊಂದಿಸುವಾಗ ಬೇಬಿಯ ಜಾಗದಲ್ಲಿ ನಿಲ್ಲಿಸಲು ಅಪ್ಪ ರತ್ನಕ್ಕನನ್ನು ಕರೆದುಕೊಂಡು ಹೋಗಿದ್ದರು. ಬೆಳಕು ಹೊಂದಿಸಿಯಾಯಿತು, ಮಲತಂದೆಯ ಪಾತ್ರದವರು ಮೇಕಪ್ ಹಾಕಿ ಕೂತರು. ರತ್ನಕ್ಕ ಬೇಬಿಯ ಕಿವಿಯಲ್ಲಿ ಹೇಳಿದಳಂತೆ: "ಅವ್ರು ನಿಜವಾಗ್ಲೂ ಹೊಡೀತಾರೆ. ನೀರು ಬೇಕು ಅಂತ ಹೊರಗೆ ಹೋಗ್ಬಿಡು, ವಾಪಸ್ ಬರ್ಬೇಡ." ಬೇಬಿ ನೀರು ಕೇಳಿ ಹೊರಗೆ ಹೋದಳು, ತನ್ನ ತಾಯಿಯ ಜೊತೆ ಕಾರು ಹತ್ತಿದಳು. ಇಡೀ ಫ್ಲೋರು ದೀಪ ಉರಿಸಿಕೊಂಡು ಕಾದಿತ್ತು. ಒಂದು ಅಡಿ ಫಿಲ್ಮೂ ಓಡದೆ ಅಪ್ಪ ಪ್ಯಾಕಪ್ ಹೇಳಿದ್ದು ಅದೇ ಮೊದಲು. ಯಾರು ಹೇಳಿಕೊಟ್ಟರು ಎಂದು ಅಪ್ಪ ಕೇಳಿದಾಗ ರತ್ನಕ್ಕ, "ನಾನು" ಎಂದಳಂತೆ.

ನಾನು ಕಂಡದ್ದು ಇಲ್ಲಿಂದ. ಮಧ್ಯಾಹ್ನ ಟ್ಯಾಕ್ಸಿ ಬಂದು ನಿಂತಿತು. ಅಪ್ಪ ರತ್ನಕ್ಕನನ್ನು ಜಡೆ ಹಿಡಿದು ಎಳೆದುಕೊಂಡು ಒಳಗೆ ಬಂದರು. ಅವಳ ಒಂದು ಕಾಲಿನ ಚಪ್ಪಲಿ ಮೆಟ್ಟಿಲಲ್ಲೇ ಉಳಿಯಿತು. ಹಾಲ್‌ನ ನಡುವೆ ಬಿಸಾಡಿದರು. ನೆಲದ ಮೇಲೆ ಹಿಂದಿನ ದಿನದ ಸೀಮೆಸುಣ್ಣದ ಗೆರೆ ಅರ್ಧ ಅಳಿಸಿ ಅರ್ಧ ಉಳಿದಿತ್ತು. ಅಡುಗೆಮನೆಯ ಬಾಗಿಲು ಹೊಗೆಗೆಂದು ಮುಂದೆ ಮಾಡಿತ್ತು. ಒಳಗೆ ಎಣ್ಣೆ ಚೊರ್ರೆನ್ನುತ್ತಿತ್ತು. ಮೊದಲ ಏಟು ಬೀಸಿದ ಕೈಯದು, ನೇರ ಕಿವಿಯ ಮೇಲೆ. ರತ್ನಕ್ಕ ಅಳಲಿಲ್ಲ, ಕೂಗಲಿಲ್ಲ. ನನಗೆ ಬಾಗಿಲ ಹಿಂದಿದ್ದ ಕ್ಲ್ಯಾಪ್ ಹಲಗೆ ಕಂಡಿತು. ಎತ್ತಿಕೊಂಡು ಹೊಡೆದೆ. ಯಾರೂ ಹೊಡಿ ಎಂದಿರಲಿಲ್ಲ. ಆಮೇಲೆ ಅಪ್ಪ ಮುಷ್ಟಿ ಕಟ್ಟಿ ಹೊಡೆದರು. ಕಾಲಲ್ಲಿ ಒದ್ದರು. ಅವಳ ತಲೆ ಕುರ್ಚಿಯ ಕಾಲಿಗೆ ಬಡಿದು, ಅವರು ಜಡೆ ಹಿಡಿದು ಎತ್ತಿ ಮತ್ತೆ ಅದೇ ಕಿವಿಗೆ ಹೊಡೆದರು. ನಾನು ಗೋಡೆಗೆ ಬೆನ್ನು ಒತ್ತಿಕೊಂಡು, ಈಗ ಕಟ್ ಅನ್ನುತ್ತಾರೆ, ಈಗ ಅನ್ನುತ್ತಾರೆ ಎಂದು ಅವರ ಬಾಯಿಯನ್ನೇ ನೋಡುತ್ತಿದ್ದೆ. ಒಳಗೆ ಜಾಲರಿ ಸೌಟು ಬಾಣಲೆಯ ಅಂಚಿಗೆ ತಟ್ಟುವ ಸದ್ದು. ಕಟ್ ಬರಲೇ ಇಲ್ಲ. ಕೈ ಸೋತ ಮೇಲೆ ಅಪ್ಪ ಕುರ್ಚಿಗೆ ಬಿದ್ದು, "ನೀರು" ಎಂದರು.

ಅಮ್ಮ ತಂಬಿಗೆ ಹಿಡಿದು ಬಂದಳು. ಹೊಸ್ತಿಲಲ್ಲಿ ನಿಂತು ನನ್ನನ್ನು ಕೇಳಿದಳು.

"ಕಟ್ ಆಯ್ತೇನೇ?"

ನಾನು ಹೂಂ ಎಂದು ತಲೆ ಆಡಿಸಿದೆ.

ಅವಳು ರತ್ನಕ್ಕನನ್ನು ದಾಟಿ ಹೋಗಿ ಮೊದಲು ಅಪ್ಪನ ಕೈಗೆ ನೀರು ಕೊಟ್ಟಳು. ಅಭ್ಯಾಸ. ಆಮೇಲೆ ತಿರುಗಿದಳು. ರತ್ನಕ್ಕನ ಎಡಗಿವಿಯಿಂದ ಸಣ್ಣ ದಾರದ ಹಾಗೆ ರಕ್ತ ಇಳಿದು ಕತ್ತಿನ ಸರದ ಮೇಲೆ ಬರುತ್ತಿತ್ತು. ರತ್ನಕ್ಕ ನೆಲದ ಮೇಲಿಂದ ಅಮ್ಮನನ್ನು ನೋಡಿದ ನೋಟ ನನಗೆ ನೆನಪಿದೆ. ಇದನ್ನು ನಾನು ಕಟ್ಟಿಕೊಂಡದ್ದಲ್ಲ. ಅವಳು ಮುಂದೆ ಅಮ್ಮನನ್ನು ನೋಡಿದಾಗಲೆಲ್ಲ ಅದೇ ನೋಟವಿತ್ತು. ಬಚ್ಚಲಲ್ಲಿ ಜಾರಿಬಿದ್ದಳು ಎಂದು ಅಪ್ಪ ಡಾಕ್ಟರಿಗೆ ಹೇಳಿದರು. ಆ ಕಿವಿ ಮತ್ತೆ ಕೇಳಲಿಲ್ಲ. ಮುಂದಿನ ವಾರ ಬೇಬಿಯನ್ನು ಪುಸಲಾಯಿಸಿ ಕರೆತಂದು ದೃಶ್ಯ ತೆಗೆದರು, ಒಂದೇ ಟೇಕ್. ಚಿತ್ರ ನೂರು ದಿನ ಓಡಿತು. ರತ್ನಕ್ಕನನ್ನು ಮೈಸೂರಿಗೆ ಅಜ್ಜಿಯ ಮನೆಗೆ ಕಳಿಸಿದರು. ನರ್ಸಿಂಗ್ ಓದಿ ಅಲ್ಲಿಂದಲೇ ಪರ್ತ್‌ಗೆ ಹೋದಳು. ಬಣ್ಣ ಬಂತು, ಹೊರಾಂಗಣ ಬಂತು, ಫ್ಲೋರುಗಳು ಗೋಡೌನುಗಳಾದವು, ರಿಹರ್ಸಲ್ ಕೇಳುವವರಿಲ್ಲವಾದರು. ಒಂಬತ್ತನೆಯ ಚಿತ್ರ ಒಂದು ವಾರವೂ ನಿಲ್ಲಲಿಲ್ಲ. ಕೊನೆಕೊನೆಗೆ ಅಪ್ಪ ಆ ಹಾಲ್‌ನಲ್ಲಿ ಒಬ್ಬರೇ ಕೂತು ಗೋಡೆಗೆ ಗುದ್ದುತ್ತಿದ್ದರು. ಸುಣ್ಣ ಉದುರಿ ಇಟ್ಟಿಗೆ ಕಾಣುತ್ತಿತ್ತು. ಅವರ ಮೇಲೆ ನನಗೆ ಕನಿಕರ ಬರಬೇಕಿತ್ತು ಎಂದು ಡೈರಿಯಲ್ಲಿ ಬರೆದಿದ್ದೇನೆ. ಬಂತೋ ಇಲ್ಲವೋ ಬರೆದಿಲ್ಲ.

ನಾನು ಕ್ಲ್ಯಾಪ್ ಹೊಡೆದದ್ದೇಕೆ? ಇಪ್ಪತ್ತರ ವಯಸ್ಸಿನ ಡೈರಿ ಹೇಳುತ್ತದೆ: ಅಪ್ಪನನ್ನು ನಿಲ್ಲಿಸಲು. ರಿಹರ್ಸಲ್ ಆದರೆ ಕಟ್ ಇರುತ್ತದೆ, ಕಟ್ ಇದ್ದರೆ ಏಟು ಮುಗಿಯುತ್ತದೆ ಎಂದು ಎಂಟು ವರ್ಷದ ಬುದ್ಧಿ ಲೆಕ್ಕ ಹಾಕಿತಂತೆ. ನಲವತ್ತರ ಡೈರಿ ಅಷ್ಟು ದಯೆ ತೋರಿಸುವುದಿಲ್ಲ: ಅಮ್ಮ ಬಂದು ಬಿಡಿಸದಿರಲಿ, ಅಪ್ಪನ ಮುದ್ದಿನ ಆ ಕೆನ್ನೆಗೆ ಇನ್ನೂ ನಾಲ್ಕು ಬೀಳಲಿ ಎಂದು. ಅರವತ್ತರಲ್ಲಿ ಬರೆದದ್ದು ಒಂದೇ ಸಾಲು. ಅಪ್ಪ ಕೈ ಎತ್ತಿದರೆ ನಾನು ಕ್ಲ್ಯಾಪ್ ಹೊಡೆಯುವವಳು, ಕೈ ಎತ್ತಿದರು, ಹೊಡೆದೆ. ಒಬ್ಬ ಸಾಕ್ಷಿ, ಮೂರು ಹೇಳಿಕೆ. ವಿದ್ಯಾರ್ಥಿ ಯಾರಾದರೂ ಇದನ್ನು ತಂದಿದ್ದರೆ ಮೂರನ್ನೂ ತಳ್ಳಿಹಾಕುತ್ತಿದ್ದೆ. ತಳ್ಳಿಹಾಕಲಾಗದ್ದು ಅಮ್ಮನ ಮೌನ. ಅದು ರಿಹರ್ಸಲ್ ಅಲ್ಲವೆಂದು ಅಂದು ಸಂಜೆಗೇ ಅವಳಿಗೆ ತಿಳಿದಿತ್ತು. ಕ್ಲ್ಯಾಪ್ ನನ್ನ ಕೈಯಲ್ಲಲ್ಲದೆ ಇನ್ನಾರ ಕೈಯಲ್ಲೂ ಇರುತ್ತಿರಲಿಲ್ಲ. "ನನಗೆ ಕ್ಲ್ಯಾಪ್ ಕೇಳಿಸಿತು ರತ್ನಾ" ಎಂದು ಒಂದು ಮಾತು ಹೇಳಿದ್ದರೆ ಅವಳು ಬಚಾವಾಗುತ್ತಿದ್ದಳು. ಹೇಳಿದ್ದರೆ ಹಿರಿಯ ಮಗಳ ಸಿಟ್ಟು ಕಿರಿಯವಳ ಮೇಲೆ ತಿರುಗುತ್ತಿತ್ತು. ಸಾಯುವವರೆಗೂ ಹೇಳಲಿಲ್ಲ. ಮೈಸೂರಿನ ಆಸ್ಪತ್ರೆಯಿಂದ ನಾನು ಪರ್ತ್‌ಗೆ ಫೋನ್ ಮಾಡಿ, ಅಮ್ಮನದು ಇನ್ನೆರಡು ದಿನ ಎಂದಾಗ, "ನೀನಿದೀಯಲ್ಲ, ಸಾಕು" ಎಂದು ರತ್ನಕ್ಕ ಫೋನಿಟ್ಟಳು. ನಾನು ಆಗಲೂ ಹೇಳಲಿಲ್ಲ.

ನಿಶಾ ಅಜ್ಜಿಯ ಮಾತು ಚಿತ್ರೀಕರಿಸಲು ಬ್ರಿಸ್ಬೇನ್‌ನಿಂದ ಬರುವ ದಿನಕ್ಕೇ ನಾನೂ ಪರ್ತ್‌ಗೆ ಟಿಕೆಟ್ ತೆಗೆದೆ. ಏರ್‌ಪೋರ್ಟಿಗೆ ಬಿಟ್ಟವಳು ಫರ್ಹಾನಾ, ನನ್ನ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿರುವ ಶಿವಮೊಗ್ಗದ ಹುಡುಗಿ. ಓದುತ್ತಾ ಒಂದು ಸರ್ವೋದಲ್ಲಿ, ಎಂದರೆ ಇಲ್ಲಿನ ಪೆಟ್ರೋಲ್ ಬಂಕಿನಲ್ಲಿ, ಕೌಂಟರಿಗೆ ನಿಲ್ಲುತ್ತಾಳೆ.

"ಆಂಟಿ, ಅಕ್ಕನ್ ಮನೆಗೆ ಹೊರಟಿದ್ದೀರೋ, ಕೋರ್ಟಿಗೋ? ಮುಖ ನೋಡಿ."

"ಎರಡೂ ಒಂದೇ ಕಣೆ."

"ಸರಿ ಬಿಡಿ, ವಾಪಸ್ ಬಂದಾಗ ಮೆಸೇಜ್ ಹಾಕಿ. ಮಧ್ಯಾಹ್ನದ್ ಆರ್ವೋ ಶಿಫ್ಟ್ ಆದ್ರೆ ಹೆಂಗೋ ತಪ್ಪಿಸ್ಕೊಂಡು ಬರ್ತೀನಿ."

ರತ್ನಕ್ಕನ ಊಟದ ಕೋಣೆಯ ಕಿಟಕಿಯಿಂದ ಬಂದರಿನ ಕ್ರೇನುಗಳು ಕಾಣುತ್ತವೆ. ಎಪ್ಪತ್ತು ದಾಟಿದರೂ ಬೆನ್ನು ನೇರ. ಚಿತ್ರಾನ್ನ ಮಾಡಿದ್ದಳು. ಊಟವಾದ ಮೇಲೆ ನಿಶಾ ಟ್ರೈಪಾಡ್ ನಿಲ್ಲಿಸಿ, ಪರದೆ ಸರಿಸಿ, ಅಜ್ಜಿಯ ಮುಖಕ್ಕೆ ಬೆಳಕು ಬೀಳುವ ಹಾಗೆ ಕುರ್ಚಿ ತಿರುಗಿಸಿದಳು. ನಾನು ಅವಳ ಎಡಕ್ಕೆ ಕೂರಲು ಹೋದೆ.

"ಸುಮಿ, ಈ ಕಡೆ ಬಾ. ಆ ಕಡೆ ಕೂತ್ರೆ ಗೋಡೆ ಜೊತೆ ಮಾತಾಡ್ದಂಗೆ."

"ಅಜ್ಜಿ, ವೆನೆವರ್ ಯು ಆರ್ ರೆಡಿ."

ರತ್ನಕ್ಕ ಗಂಟಲು ಸರಿಮಾಡಿಕೊಂಡಳು. "ನಮ್ಮಮ್ಮ 'ಒಳ್ಳೇ ಅಡುಗೆ ಮಾಡೋಳು' ಅನ್ನೋದು ಬಿಟ್ರೆ ಅವಳ ಬಗ್ಗೆ ನಂಗೆ ಒಳ್ಳೇ ಮಾತು ಬರಲ್ಲ. ಅಪ್ಪ ಹೊಡೀತಿದ್ರು, ಸರಿ, ಅವರು ಅಂಥೋರು. ಇವಳು ಅಲ್ಲೇ, ಹತ್ತು ಹೆಜ್ಜೆ ಆಚೆ..."

"ಅಕ್ಕಾ, ನಿಲ್ಸು."

"ಏನೇ?"

"ಅವತ್ತು ಕ್ಲ್ಯಾಪ್ ಬಿತ್ತು."

"ಏನಂದೆ? ಜೋರಾಗಿ ಹೇಳು."

ಕೂಗಬೇಕಾಯಿತು. "ಅವತ್ತು ಕ್ಲ್ಯಾಪ್ ಬಿತ್ತು ಅಕ್ಕಾ! ನಾನು ಹೊಡ್ದೆ! ಅಪ್ಪ ಹೇಳಿರ್ಲಿಲ್ಲ, ನಾನೇ ಹೊಡ್ದೆ. ಅಮ್ಮ ರಿಹರ್ಸಲ್ ಅಂದ್ಕೊಂಡ್ಳು. ಕಟ್ ಆಯ್ತಾ ಅಂತ ನನ್ನ ಕೇಳಿ ಒಳಗೆ ಬಂದ್ಲು."

"ನಂಗ್ಯಾಕೆ ಕೇಳಿಸ್ಲಿಲ್ಲ?"

"ಮೊದಲನೇ ಏಟು ಕಿವಿಗೆ ಬಿದ್ಮೇಲೆ ಹೊಡ್ದಿದ್ದು. ತಲೆಯೆಲ್ಲ ಗುಂಯ್ ಅಂತಿತ್ತೇನೋ ನಿಂಗೆ."

ಅವಳು ತನ್ನ ಎಡಗಿವಿಯನ್ನು ಮುಟ್ಟಿಕೊಂಡಳು. ಬಾಯಲ್ಲೇ ಏನೋ ಎಣಿಸಿದಳು. ಆಮೇಲೆ ಎದ್ದು ನಿಂತು, ಕೈ ಬೀಸಿ ನನ್ನ ಕೆನ್ನೆಗೆ ಹೊಡೆದಳು. ಕನ್ನಡಕ ಹಾರಿ ಚಿತ್ರಾನ್ನದ ಪಾತ್ರೆಗೆ ಬಡಿಯಿತು. ಬಾಯೊಳಗೆ ಉಪ್ಪುಪ್ಪು ರುಚಿ ಬಂತು. ಮೊದಲ ಸಲ ನನಗೆ ಏಟು ಬಿದ್ದಿತ್ತು.

"ಅಜ್ಜೀ! ವಾಟ್ ದ ಹೆಲ್!"

"ನೀನು ಸುಮ್ನಿರು," ಎಂದಳು ಮೊಮ್ಮಗಳಿಗೆ. ನನ್ನ ಕಡೆ ತಿರುಗಿದಾಗ ಅವಳ ದನಿ ಅಪ್ಪನ ದನಿಯಂತಿರಲಿಲ್ಲ, ಅದಕ್ಕಿಂತ ತಗ್ಗಿತ್ತು. "ಕ್ಲ್ಯಾಪ್ ಹೊಡ್ದಿದ್ದಕ್ಕಲ್ಲ ಇದು. ಮೈಸೂರಿಂದ ಫೋನ್ ಮಾಡಿದ್ಯಲ್ಲ, ಅಮ್ಮ ಹೋಗೋ ಮುಂಚೆ. ಆಗ ನೀನು ಮಗು ಆಗಿದ್ಯೇನೇ? ಐವತ್ತು ದಾಟಿತ್ತು ನಿಂಗೆ."

"ಹೇಳಿದ್ರೆ ಬರ್ತಿದ್ಯಾ ಅಕ್ಕಾ?"

"ಅದನ್ನ ಈಗ ನಾನು ಹೆಂಗೆ ಹೇಳ್ಲಿ? ಬರ್ತಿದ್ನೋ ಇಲ್ವೋ ನೋಡ್ಕೊಳ್ಳೋ ಅವಕಾಶಾನೇ ಕಿತ್ಕೊಂಡ್ಯಲ್ಲೇ. ಅವಳು ಬಾಯಿ ಬಿಡ್ಲಿಲ್ಲ, ನೀನೂ ಬಿಡ್ಲಿಲ್ಲ. ಇಬ್ರೂ ಸೇರ್ಕೊಂಡು ನನ್ನನ್ನ ಏನ್ ಮಾಡಿಟ್ರಿ?"

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ ಬೆಳಿಗ್ಗೆ ನಾನು ಹೊರಡುವಾಗಲೂ ತೆಗೆಯಲಿಲ್ಲ. ನಿಶಾ ನನ್ನನ್ನು ಫ್ರೀಮ್ಯಾಂಟಲ್ ಸ್ಟೇಷನ್ನಿನವರೆಗೆ ನಡೆಸಿಕೊಂಡು ಬಂದು, ಒಂದು ಬಾಟಲಿ ನೀರು ಕೊಂಡುಕೊಟ್ಟಳು. ಪರ್ತ್ ರೈಲಿನಲ್ಲಿ ಎದುರು ಕೂತ ಹೆಂಗಸು ನನ್ನ ಕೆನ್ನೆಯನ್ನೇ ನೋಡುತ್ತಿದ್ದಳು. ಅಡಿಲೇಡಿನಲ್ಲಿ ಫರ್ಹಾನಾ ಸೂಟ್‌ಕೇಸ್ ಎತ್ತುತ್ತಾ ಕಣ್ಣರಳಿಸಿದಳು.

"ಯಾರ್ ಹೊಡ್ದಿದ್ದು ಆಂಟಿ?"

"ನಮ್ಮಕ್ಕ."

"ಈ ವಯಸ್ಸಲ್ಲಾ?" ಎಂದವಳು ನಗಬೇಕೋ ಬೇಡವೋ ತಿಳಿಯದೆ ಸೂಟ್‌ಕೇಸನ್ನು ಡಿಕ್ಕಿಯೊಳಗೆ ತಳ್ಳಿದಳು. ಆಮೇಲೆ ನಾನು ಪ್ರತಿ ಭಾನುವಾರ ಫ್ರೀಮ್ಯಾಂಟಲ್‌ಗೆ ಫೋನ್ ಮಾಡಿದೆ. ಈಗಲೂ ಮಾಡುತ್ತೇನೆ. ರಿಂಗ್ ಆಗುತ್ತದೆ, ರತ್ನಕ್ಕ ಎತ್ತುವುದಿಲ್ಲ. ಹೇಳಿದ್ದು ಸರಿಯೇ ಎಂದು ಡೈರಿಯಲ್ಲಿ ಬರೆಯಲು ಹೋಗಿ ಬಿಟ್ಟಿದ್ದೇನೆ. ನಾನು ಅಮ್ಮನನ್ನು ಉಳಿಸಲು ಹೇಳಿದೆನೋ, ಅರವತ್ತು ವರ್ಷದ ಹೊರೆ ಇಳಿಸಿಕೊಳ್ಳಲು ಹೇಳಿದೆನೋ, ಅದಕ್ಕೂ ಮೂರು ಉತ್ತರ ಸಿಗಬಹುದು.

ಎರಡು ತಿಂಗಳ ಹಿಂದೆ ನಿಶಾ ತನ್ನ ಚಿತ್ರವನ್ನು ಕಳಿಸಿದಳು. ಹನ್ನೆರಡು ನಿಮಿಷದ್ದು. ನೋಡಲು ನನಗೆ ಒಂದು ವಾರ ಹಿಡಿಯಿತು. ನಾನು ಅದರಲ್ಲಿಲ್ಲ, ನಾನು ಹೋದ ದಿನದ್ದು ಒಂದು ಚೂರೂ ಇಲ್ಲ. ರತ್ನಕ್ಕ ಬೇರೆ ದಿನ, ಬೇರೆ ಸೀರೆಯಲ್ಲಿ, ಹಿತ್ತಲಿನ ಬೆಂಚಿನ ಮೇಲೆ ಕೂತಿದ್ದಾಳೆ. ಅಪ್ಪನ ಬಗ್ಗೆ ಹೇಳುತ್ತಾಳೆ, ಏನನ್ನೂ ಮುಚ್ಚಿಡುವುದಿಲ್ಲ. ಕೊನೆಯಲ್ಲಿ ಕ್ಯಾಮೆರಾದ ಹಿಂದಿನಿಂದ ನಿಶಾಳ ದನಿ ಕೇಳುತ್ತದೆ: "ಅಂಡ್ ಯುವರ್ ಮಮ್, ಅಜ್ಜಿ?"

"ಅಮ್ಮ ಒಳಗಿದ್ಲು. ಕ್ಲ್ಯಾಪ್ ಕೇಳಿಸ್ತು, ರಿಹರ್ಸಲ್ ಅಂದ್ಕೊಂಡ್ಳು. ಗೊತ್ತಾಗಿದ್ರೆ ಬರ್ತಿದ್ಲು. ಯಾವಾಗ್ಲೂ ಬರ್ತಿದ್ಲು."

"ಹೂ ಹಿಟ್ ದ ಕ್ಲ್ಯಾಪ್?"

ರತ್ನಕ್ಕ ಉತ್ತರಿಸಲು ತುಂಬ ಹೊತ್ತು ತೆಗೆದುಕೊಳ್ಳುತ್ತಾಳೆ. ನಿಶಾ ಅದನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದಾಳೆ. ದೂರದಲ್ಲಿ ಬಂದರಿನ ಹಡಗೊಂದು ಕೂಗುತ್ತದೆ. ಅದು ಅವಳಿಗೆ ಕೇಳಿಸಿತೋ ಇಲ್ಲವೋ ಮುಖದಲ್ಲಿ ತಿಳಿಯುವುದಿಲ್ಲ.

"ಮನೇಲಿ ಒಂದು ಚಿಕ್ಕ ಮಗು ಇತ್ತು," ಎನ್ನುತ್ತಾಳೆ. "ಅದಕ್ಕೆ ಎಲ್ರೂ ಸೇರಿ ಹೇಳ್ಕೊಟ್ಟಿದ್ದು ಅದೊಂದೇ ಕೆಲಸ."